ಗಾಡಿ ಯಜಮಾನನ ಜೊತೆ ಕೋಟೆಗೆ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ಬೆಳಗಿನ ಬಸ್ಸು ಅಂದು ಹೊರಟಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೆ ಕಾಣುತ್ತಿರಲಿಲ್ಲ. ಅದರ ಬದಲು ಇದ್ದಿಲ ಗ್ಯಾಸಿನಲ್ಲಿ ಓಡಲಿ ಅಂತ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆಯೊಂದನ್ನು ಕಟ್ಟಿದ್ದರು. ಜಡಿಮಳೆಗೆ ಇದ್ದಿಲು ನೆನೆದು ಹೋಗಿ, ಕ್ಲೀನರು ಗಾಳಿ ಹಾಕಿ ಹಾಕಿ ಸೋತ. ಕಂಪಲಾಪುರಕ್ಕೆ ಆರಾಣೆ ಕೊಟ್ಟು ಟಿಕೆಟ್ಟು ತೆಗೆದುಕೊಂಡ ನಾನು ಏರು ಬಂದಲ್ಲೆಲ್ಲ ಇಳಿದು ಅದೇ ಬಸ್ಸನ್ನು ತಳ್ಳಿದೆ. ಈ ಲೆಕ್ಕದಲ್ಲಿ ನೀವೇ ನನಗೆ ಕೂಲಿ ಕೊಡಬೇಕಲ್ಲಪ್ಪ ಅಂತ ಕಂಡಕ್ಟರನನ್ನು ಕೆಣಕಿದೆ. ಅವನು ನಗಲಿಲ್ಲ. ಆ ದಿನಗಳಲ್ಲಿ ಯಾರೂ ಸುಲಭವಾಗಿ ನಗುತ್ತಿರಲಿಲ್ಲ.

ನಾನು ಹುಣಸೂರಿನಲ್ಲಿ ಗಾಡಿ ಚಕ್ರ ಮಾಡುವವನು. ನಮ್ಮ ಅಬ್ಬಾ ಮಾಡಿದ್ದೂ ಅದನ್ನೇ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ ಅಂತ ನಮ್ಮ ಬೀದಿಯವರಿಗೆಲ್ಲ ಗೊತ್ತು. ಆ ಬಾಯಿಯನ್ನು ನಂಬಿಯೇ ಕಾಳೇಗೌಡನನ್ನು ಕೋಟೆಗೆ ಕರೆದುಕೊಂಡು ಹೋಗುವ ಕೆಲಸವನ್ನು ಮೈಮೇಲೆ ಎಳೆದುಕೊಂಡೆ. ಹೆಗ್ಗಡದೇವನಕೋಟೆಗೆ ಅಂತ ಪೂರ್ತಿ ಹೆಸರು ಹೇಳುವ ವ್ಯವಧಾನ ನಮ್ಮ ಕಡೆ ಯಾರಿಗೂ ಇಲ್ಲ.

ಕಾಳೇಗೌಡ ಕಂಪಲಾಪುರದ ಪಕ್ಕದ ಹಳ್ಳಿಯವನು. ಅಂತರಸಂತೆಯ ಆಚೆ ಕಾಡಿನಿಂದ ಮರದ ದಿಮ್ಮಿ ಹೇರುತ್ತಿದ್ದ. ಹೋದ ಬೇಸಿಗೆಯಲ್ಲಿ ಇಳಿಜಾರಿನಲ್ಲಿ ಗಾಡಿ ಮಗುಚಿ, ದಿಮ್ಮಿ ಎಡಗಾಲಿನ ಮೇಲೆ ಬಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು. ಮುರಿದ ಗಾಡಿಯನ್ನು ರಿಪೇರಿಗೆ ನನ್ನ ಹತ್ತಿರ ತಂದವಳು ಅವನ ಹೆಂಡತಿ ನಿಂಗಮ್ಮ. ಒಡೆದ ಚಕ್ರಕ್ಕೆ ಹಗ್ಗ ಬಿಗಿದು, ಅಷ್ಟು ದೂರ ಒಬ್ಬಳೇ ಗಾಡಿ ಹೊಡೆದುಕೊಂಡು ಬಂದಿದ್ದಳು. ಅವಳಿಂದಲೇ ಎಲ್ಲ ತಿಳಿಯಿತು.

ಮೊದಲು ಮರದ ಕಂಟ್ರಾಕ್ಟರನೇ ಗಾಡಿ, ಎತ್ತು ಇಟ್ಟುಕೊಂಡು ಕೂಲಿಯವರಿಂದ ಹೊಡೆಸುತ್ತಿದ್ದ. ಆಳಿಗೆ ಜ್ವರ ಬಂದರೆ ಕಷಾಯ, ಗಾಯವಾದರೆ ಔಷಧಿ ಅವನದೇ. ಆಮೇಲೆ ಅದೇ ಗಾಡಿಗಳನ್ನು ಅದೇ ಆಳುಗಳಿಗೆ ಬೆಲೆಯನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಮಾತಿನ ಮೇಲೆ ದಾಟಿಸಿ, ಎಲ್ಲರನ್ನೂ ಯಜಮಾನರನ್ನಾಗಿ ಮಾಡಿಬಿಟ್ಟ. ಅಂದಿನಿಂದ ಚಕ್ರ ಮುರಿದರೆ ಯಜಮಾನನದು, ಎತ್ತು ಸತ್ತರೆ ಯಜಮಾನನದು, ಕಾಲು ಹೋದರೂ ಯಜಮಾನನದೇ. ಇದಕ್ಕೆ ಬದಲಾಗಿ ಒಂದು ಮರ್ಯಾದೆ ಇತ್ತು. ಕಾಡಿನ ಕೆಲಸ ಶುರುವಾಗುವ ಮುಂಚೆ ಕಂಟ್ರಾಕ್ಟರನ ಏಜೆಂಟು ಮನೆಮನೆಗೆ ಬಂದು, ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯ ಇಟ್ಟು, ಎತ್ತಿನ ಹಣೆಗೆ ಕುಂಕುಮ ಹಚ್ಚಿ ಕರೆಯುತ್ತಿದ್ದ. ಕೂಲಿಯವನಿಗೆ ಕೈ ಬೀಸಿದರೆ ಸಾಕು, ಗಾಡಿಯವನಿಗೆ ವೀಳ್ಯ. ಕಾಳೇಗೌಡನ ತಂದೆ ಬೇರೆಯವರ ಮನೆಯಲ್ಲಿ ಸಂಬಳದಾಳಾಗಿದ್ದು, ಯಾರ ಬಾಯಲ್ಲೂ ಗೌಡ ಅನ್ನಿಸಿಕೊಳ್ಳದೆ ಸತ್ತವನು. ಮಗನಿಗೆ ಆ ತಟ್ಟೆ ಎಷ್ಟು ದೊಡ್ಡದಾಗಿ ಕಂಡಿರಬೇಕು ಅಂತ ನಾನು ಆಗ ಯೋಚಿಸಲಿಲ್ಲ.

ನನ್ನ ತಲೆಯಲ್ಲಿದ್ದದ್ದು ಕಾನೂನು. ಕೆಲಸದಲ್ಲಿ ಆಳಿನ ಕೈಕಾಲು ಹೋದರೆ ಧಣಿ ಪರಿಹಾರ ಕೊಡಬೇಕು ಅಂತ ಸಂಸ್ಥಾನದಲ್ಲಿ ಕಾಯಿದೆ ಇದೆ ಅಂತ ಮೈಸೂರಿನ ವಕೀಲರೊಬ್ಬರು ಹೇಳಿದ್ದರು. ಅರ್ಜಿಯನ್ನೂ ಅವರೇ ಹಾಕಿಕೊಟ್ಟರು. ಗಾಡಿ ಅವನದಾದರೂ ಚಿಂತೆಯಿಲ್ಲ, ಇನ್ನೊಬ್ಬರ ಹೇಳಿಕೆಯಲ್ಲಿ ದುಡಿಯುತ್ತಿದ್ದ ಅಂತ ಅವನ ಬಾಯಿಂದ ಬಂದರೆ ಸಾಕು ಅಂದರು. ವಿಚಾರಣೆಯ ಅಧಿಕಾರಿ ಕೋಟೆಯಲ್ಲಿ ಕ್ಯಾಂಪು ಹಾಕುವ ದಿನ ಗೊತ್ತಾಯಿತು. ಅದಕ್ಕೇ ಈ ಪ್ರಯಾಣ.

ಕಾಳೇಗೌಡನ ಮನೆಯಲ್ಲಿ ಮುದ್ದೆ, ಹುರುಳಿ ಸಾರು ಉಂಡು ಅಂದೇ ಹೊರಟೆವು. ನಿಂಗಮ್ಮ ಎತ್ತಿನ ಹಗ್ಗ ಹಿಡಿದಳು. ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಮಲಗಿಸಿ, ನಾನು ಹಿಂದೆ ಕೂತೆ. ಒಂದು ವಿಷಯ ಬೇಗ ಕಣ್ಣಿಗೆ ಬಿತ್ತು. ಊರು ಹತ್ತಿರ ಬಂದಾಗೆಲ್ಲ ಕಾಳೇಗೌಡ ತೆವಳಿಕೊಂಡು ಮುಂದೆ ಬಂದು, ಮೊಂಡುಗಾಲಿಗೆ ಕಂಬಳಿ ಹೊದ್ದು, ಹೆಂಡತಿಯ ಕೈಯಿಂದ ಹಗ್ಗ ಇಸಿದುಕೊಳ್ಳುತ್ತಿದ್ದ. ಊರು ದಾಟಿದ ಮೇಲೆ ವಾಪಸು ಕೊಡುತ್ತಿದ್ದ. ಅವಳು ಜರುಗಿ ಜಾಗ ಬಿಡುತ್ತಿದ್ದಳು. ಇದೇನಯ್ಯಾ ನಿನ್ನ ನಾಟಕ ಅಂತ ರೇಗಿದೆ. ಅವನು ಕಂಬಳಿ ಸರಿಮಾಡಿಕೊಂಡ.

ರಾತ್ರಿ ಹುಣಸೂರಿನ ನಮ್ಮ ಮನೆಯ ಜಗಲಿಯಲ್ಲಿ ತಂಗಿ, ಮಾರನೆಯ ದಿನ ಕೋಟೆಯ ದಾರಿ ಹಿಡಿದೆವು. ಇಪ್ಪತ್ತು ಮೈಲಿಗೆ ಕಮ್ಮಿಯಿಲ್ಲ, ಎತ್ತಿನ ಗಾಡಿಗೆ ಇಡೀ ದಿನದ ದಾರಿ. ರಾಗಿ ಹೊಲಗಳಲ್ಲಿ ತೆನೆ ನೆನೆದು ಬಾಗಿತ್ತು. ಎದುರಿಗೆ ಒಂದೆರಡು ಲಾರಿಗಳು ಕೆಸರು ಹಾರಿಸಿ ಹೋದವು. ಯುದ್ಧ ಮುಗಿದು ಪೆಟ್ರೋಲು ಬಂದರೆ ಗಾಡಿ ಕೇಳುವವರು ಯಾರು, ಚಕ್ರ ಮಾಡುವ ನನ್ನನ್ನು ಕೇಳುವವರು ಯಾರು ಅಂತ ಮನಸ್ಸಿಗೆ ಬಂತು. ಆ ಯೋಚನೆಯನ್ನು ದೂಡಿ ಕಾಳೇಗೌಡನಿಗೆ ಪಾಠ ಹೇಳತೊಡಗಿದೆ. ಹೊತ್ತು ಮೀರಿ ಬಂದರೆ ದಂಡ ಹಾಕುತ್ತಿದ್ದರು ಅನ್ನು. ಬೇರೆಯವರ ಬಾಡಿಗೆಗೆ ಹೋಗಲು ಬಿಡುತ್ತಿರಲಿಲ್ಲ ಅನ್ನು. ಅಂದು ಬೇಸಿಗೆ ಮಳೆ ಬಿದ್ದು ಇಳಿಜಾರು ಜಾರುತ್ತಿದೆ, ನಾಳೆ ಹೇರುತ್ತೇನೆ ಅಂದಾಗ, ಈಗಲೇ ಹೇರು ಅಂದವರು ಅವರೇ ಅನ್ನು. ಇದೆಲ್ಲ ನಡೆದದ್ದೇ. ಒಂದಕ್ಷರ ಸುಳ್ಳಿರಲಿಲ್ಲ.

"ಅಂಗೇ ಏಳ್ತೀನಿ ಬುಡಿ ಸಾಬ್ರೇ," ಅಂದ ಕಾಳೇಗೌಡ. ಸಂಜೆಯ ಹೊತ್ತಿಗೆ ಮೂರು ಸಲ ಒಪ್ಪಿಸಿದ. ನನಗೆ ಧೈರ್ಯ ಬಂತು.

ಕೋಟೆಯ ಛತ್ರದಲ್ಲಿ ಅವರಿಬ್ಬರನ್ನು ಬಿಟ್ಟು, ಮರುದಿನ ನಾನೊಬ್ಬನೇ ಅಂತರಸಂತೆಗೆ ನಡೆದೆ. ಏಳೆಂಟು ಮೈಲಿ. ಅಂದು ಅಲ್ಲಿ ಸಂತೆ. ಅಂದು ಕಾಳೇಗೌಡನ ಗಾಡಿಯ ಹಿಂದೆಯೇ ಗಾಡಿ ಹೊಡೆಯುತ್ತಿದ್ದವನೊಬ್ಬ ಸಿಗುತ್ತಾನೆ, ಸಾಕ್ಷಿ ಹೇಳಿಸಬಹುದು ಅಂತ ಆಸೆ. ಜೇನು, ಸೀಗೆಕಾಯಿ ಮಾರುವವರ ಸಾಲು ದಾಟಿ, ದನ ಕಟ್ಟಿದ ಜಾಗದಲ್ಲಿ ಆ ಮನುಷ್ಯನನ್ನು ಹಿಡಿದೆ. ಹೋಟೆಲಿನಲ್ಲಿ ಕೂರಿಸಿ ಕಾಫಿ ಕೊಡಿಸಿದೆ. ಬೆಲ್ಲದ ಕಾಫಿ, ಹಾಲು ಹೆಸರಿಗಷ್ಟೇ. ಮಗುಚಿದ್ದನ್ನು ಕಣ್ಣಾರೆ ಕಂಡೆ, ಏಜೆಂಟು ಬಲವಂತ ಮಾಡಿದ್ದೂ ನಿಜ ಅಂತ ಅವನು ಒಪ್ಪಿಕೊಂಡ. ಹಾಗಾದರೆ ಬಂದು ಹೇಳು ಅಂದೆ.

"ಬ್ಯಾಡಿ ಸಾಬ್ರೇ," ಅಂದ ಅವನು ಲೋಟ ಕೆಳಗಿಟ್ಟು. "ಇನ್ನೇನು ಬೇಸ್ಗೆ ಕೆಲ್ಸಕ್ಕೆ ವೀಳ್ಯ ಕೊಡೋ ಕಾಲ. ಏಜೆಂಟ್ರು ನಮ್ಮಟ್ಟಿ ಬಿಟ್ಟು ಮುಂದಿನ ಅಟ್ಟಿಗೆ ಓಗ್ಬುಟ್ರೆ ನಾನೇನ್ ಮಾಡ್ಲಿ?"

ಅವನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ಸುತ್ತಲಿನವರು ತಿರುಗಿ ನೋಡಿದರು. ಅವನು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿ, ಕಾಫಿಯ ದುಡ್ಡನ್ನು ತಾನೇ ಕೊಟ್ಟು ಎದ್ದು ಹೋದ. ಮಳೆಯಲ್ಲಿ ನೆನೆದುಕೊಂಡು ಕೋಟೆಗೆ ವಾಪಸು ನಡೆದೆ. ಸಾಕ್ಷಿಯಿಲ್ಲದಿದ್ದರೆ ಬೇಡ, ಕಾಳೇಗೌಡನ ಮಾತೊಂದೇ ಸಾಕು ಅಂತ ಸಮಾಧಾನ ಮಾಡಿಕೊಂಡೆ.

ವಿಚಾರಣೆ ನಡೆದದ್ದು ಮಾರನೆಯ ಬೆಳಿಗ್ಗೆ, ಪ್ರವಾಸಿ ಬಂಗಲೆಯ ಹಜಾರದಲ್ಲಿ. ಅಧಿಕಾರಿ ವಯಸ್ಸಾದ, ಮೆತ್ತಗಿನ ಮಾತಿನ ಮನುಷ್ಯ. ಮೇಜಿನ ಮುಂದೆ ಬೇರೆ ಬೇರೆ ಕೆಲಸಕ್ಕೆ ಬಂದ ಜನ ಕಿಕ್ಕಿರಿದಿದ್ದರು. ನಿಂಗಮ್ಮನೂ ನಾನೂ ಕಾಳೇಗೌಡನನ್ನು ಹೆಗಲು ಕೊಟ್ಟು ತಂದು, ಕಂಬಕ್ಕೆ ಒರಗಿಸಿ ನೆಲದ ಮೇಲೆ ಕೂರಿಸಿದೆವು. ಕಂಟ್ರಾಕ್ಟರನ ಪರವಾಗಿ ಏಜೆಂಟು ಬಂದಿದ್ದ. ಶಿವಣ್ಣ ಅಂತ ಅವನ ಹೆಸರು. ಜರಿ ಪೇಟ, ಒಗೆದ ಕೋಟು. ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಕಾಳೇಗೌಡನ ಹತ್ತಿರ ಬಂದು ಕೈ ಮುಗಿದ.

"ಇದೇನಿದು, ಗೌಡ್ರನ್ನ ನೆಲದ ಮೇಲೆ ಕೂರ್ಸಿದ್ದೀರಿ? ಬೆಂಚು ತನ್ನಿ."

ಜವಾನ ಬೆಂಚು ತಂದ. ಶಿವಣ್ಣ ತಾನೇ ಕೈಹಿಡಿದು ಎಬ್ಬಿಸಿ, ಕೂರಿಸಿ, ಪಕ್ಕದಲ್ಲಿ ತಾನೂ ಕೂತ. ಎತ್ತು ಹೇಗಿವೆ, ಮನೆಯಲ್ಲಿ ಎಲ್ಲ ಸೌಖ್ಯವೇ ಅಂತ ವಿಚಾರಿಸಿದ. ಎಲೆ ಅಡಿಕೆ ಚೀಲ ಬಿಚ್ಚಿ ಮುಂದೆ ಹಿಡಿದ. ಹಜಾರದ ಜನವೆಲ್ಲ ನೋಡುತ್ತಿದ್ದರು. ಕಾಳೇಗೌಡ ಎಲೆ ತೆಗೆದುಕೊಂಡ. ಬೇಡ ಅಂತ ಕಣ್ಣಿನಲ್ಲೇ ಹೇಳಿದೆ. ಅವನು ನನ್ನ ಕಡೆ ತಿರುಗಲಿಲ್ಲ.

ಅಧಿಕಾರಿ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಅವರ ಮೇಲೆ ನಾನು ತಪ್ಪು ಹೊರಿಸಲಾರೆ. ಕಂಟ್ರಾಕ್ಟರನ ಕಡೆಯವರು ಹೊತ್ತಿನ ಕಟ್ಟುಪಾಡು ಇಟ್ಟಿದ್ದರೇ, ಅಂತ ಕೇಳಿದರು. ನನಗೆ ಮನಸ್ಸು ಬಂದ ಹೊತ್ತಿಗೆ ಹೊರಡುತ್ತಿದ್ದೆ ಅಂದ ಕಾಳೇಗೌಡ. ಮಳೆಯಲ್ಲಿ ದಿಮ್ಮಿ ಹೇರು ಅಂತ ಯಾರಾದರೂ ಬಲವಂತ ಮಾಡಿದರೇ ಅಂದರು. ಕಾಳೇಗೌಡ ಎಲೆ ಮಡಿಸಿ ಬಾಯಿಗಿಟ್ಟುಕೊಂಡ. ಹಿಂದಿನಿಂದ ನಿಂಗಮ್ಮ ಮೆಲ್ಲಗೆ, ನಿಜ ಏಳ್ರೀ, ಅಂದಳು. ಶಿವಣ್ಣ ನೆಲ ನೋಡುತ್ತ ಕೂತಿದ್ದ.

"ನನ್ ಗಾಡಿ, ನನ್ನೆತ್ತು. ನಂಗ್ಯಾರು ಸ್ವಾಮಿ ಬಲ್ವಂತ ಮಾಡೋರು?"

ಅಧಿಕಾರಿ ಲೇಖನಿ ಕೆಳಗಿಟ್ಟು, ಇನ್ನೊಂದು ಸಲ ಯೋಚಿಸಿ ಹೇಳಪ್ಪ, ದಂಡ ಗಿಂಡ ಹಾಕುತ್ತಿದ್ದರೇ, ಅಂತ ಬಿಡಿಸಿ ಕೇಳಿದರು. ದಂಡ ಹಾಕಿಸಿಕೊಳ್ಳುವವನು ಕೂಲಿ. ಇಡೀ ಹಜಾರದ ಮುಂದೆ, ಬೆಂಚಿನ ಮೇಲೆ ಕೂತು, ಬಾಯಲ್ಲಿ ಎಲೆ ಇಟ್ಟುಕೊಂಡು ಆ ಮಾತು ಅವನ ಗಂಟಲಿನಿಂದ ಹೇಗೆ ಬಂದೀತು?

"ನಾನು ಯಾರ ಕೂಲಿನೂ ಅಲ್ಲ ಸ್ವಾಮಿ," ಅಂದ. "ಮನೆ ಬಾಗ್ಲಿಗೆ ಬಂದು ವೀಳ್ಯ ಕೊಟ್ಟು ಕರೀತಾರೆ ನನ್ನ."

ಅಲ್ಲಿಗೆ ಮುಗಿಯಿತು. ನಾನು ನಡುವೆ ಬಾಯಿ ಹಾಕಿ ಕೂಗಿದೆ, ಸುಮ್ಮನಿರಬೇಕು ಅಂದರು, ಮತ್ತೆ ಕೂಗಿದೆ, ಜವಾನ ತೋಳು ಹಿಡಿದು ಹೊರಗೆ ಬಿಟ್ಟ. ಅರ್ಜಿ ವಜಾ ಆಯಿತು. ಹೊರಗೆ ಬಂದ ಶಿವಣ್ಣ ಕಾಳೇಗೌಡನಿಗೆ ಇನ್ನೊಂದು ಸಲ ಕೈ ಮುಗಿದು, ಕುದುರೆ ಗಾಡಿ ಹತ್ತಿ ಹೋದ. ಗಾಡಿಯವರೆಗೆ ಹೆಗಲು ಕೊಡುವುದಕ್ಕೆ ಮತ್ತೆ ನಾವಿಬ್ಬರೇ.

ವಾಪಸು ಬರುವಾಗ ಅವನನ್ನು ದಾರಿಯುದ್ದಕ್ಕೂ ಬೈದೆ. ನಿನ್ನ ಕಾಲನ್ನು ನೀನೇ ಮಾರಿಕೊಂಡೆಯಲ್ಲೋ, ಒಂದು ಎಲೆಗೆ ಮಾರಿಕೊಂಡೆಯಲ್ಲೋ ಅಂದೆ. ಬೈದು ಬೈದು ಗಂಟಲು ಒಣಗಿತು. ಹುಣಸೂರು ಹತ್ತಿರ ಬಂದಾಗ ಅವನೇ ಬಾಯಿ ಬಿಟ್ಟ. "ನಮ್ಮಪ್ಪ ಸಾಯಗಂಟ ನೆಲದ್ ಮೇಲೇ ಕುಂತಿದ್ದ ಸಾಬ್ರೇ. ನಂಗಾಗ್ನಿಲ್ಲ ಕಣಿ." ಅವನ ಮೇಲೆ ಸಿಟ್ಟು ಇಳಿಯಲಿಲ್ಲ, ಆದರೆ ಬೈಯುವುದಕ್ಕೆ ಮನಸ್ಸು ಬರಲಿಲ್ಲ. ನಿಂಗಮ್ಮ ಕೋಟೆ ಬಿಟ್ಟಾಗಿನಿಂದ ದಾರಿ ನೋಡಿಕೊಂಡೇ ಎತ್ತು ಹೊಡೆಯುತ್ತಿದ್ದಳು. ಊರುಗಳು ಬಂದರೂ ಈ ಸಲ ಅವನು ಹಗ್ಗ ಕೇಳಲಿಲ್ಲ.

ಮಾರನೆಯ ದಿನ ಅವರನ್ನು ಮನೆ ಮುಟ್ಟಿಸಲು ಹಳ್ಳಿಯವರೆಗೂ ಹೋದೆ. ರಾತ್ರಿ ಅಲ್ಲೇ ಮಲಗಿದೆ. ಬೆಳಿಗ್ಗೆ ಬಸ್ಸಿಗೆ ಹೊರಡಬೇಕು ಅಂತ ಜಗಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಬೀದಿಯ ತುದಿಯಿಂದ ಹೊಗೆಸೊಪ್ಪಿನ ಮೇಸ್ತ್ರಿಯೊಬ್ಬ ಬಂದ. ಸೊಪ್ಪು ವಿಂಗಡಿಸಿ ಕಟ್ಟುವ ಕೆಲಸಕ್ಕೆ ಹೆಂಗಸರು ಬೇಕಾಗಿತ್ತು. ಕೂಲಿಗೆ ಬರೋರು ಬನ್ನಿ ಅಂತ ಮನೆಮನೆ ಮುಂದೆ ಕೂಗಿಕೊಂಡು ಬರುತ್ತಿದ್ದವನು ಈ ಬಾಗಿಲ ಮುಂದೆ ಮಾತ್ರ ಕೂಗಲಿಲ್ಲ. ಗಾಡಿ ಯಜಮಾನನ ಮನೆ ಅಂತ ತಲೆ ತಗ್ಗಿಸಿ ದಾಟಿ ಹೊರಟ.

ನಿಂಗಮ್ಮ ಬುತ್ತಿಯ ಗಂಟು ಹಿಡಿದು ಹೊರಗೆ ಬಂದಳು. ತಲೆಗೆ ಬಟ್ಟೆ ಸುತ್ತಿದ್ದಳು.

"ಮೇಸ್ತ್ರಿ, ನಿಂತ್ಕಳಿ," ಅಂತ ಬೀದಿಗೆಲ್ಲ ಕೇಳುವ ಹಾಗೆ ಕರೆದಳು. "ನಾನೂ ಬತ್ತೀನಿ. ನಿಂಗಮ್ಮ, ಕೂಲಿಯೋಳು ಅಂತ್ಲೇ ಬರ್ಕಳಿ. ಯಾರ್ ಬಂದು ಕೇಳಿದ್ರೂ ನಾನು ಅಂಗೇ ಏಳ್ತೀನಿ."

ಮೇಸ್ತ್ರಿ ನನ್ನ ಮುಖ ನೋಡಿದ. ಅವಳು ಕಾಯದೆ ಅವನಿಗಿಂತ ಮುಂದಾಗಿ ನಡೆದುಬಿಟ್ಟಳು. ಒಳಗಿನಿಂದ ಕಾಳೇಗೌಡ ಒಂದು ಸಲ ಹೆಂಡತಿಯ ಹೆಸರು ಹಿಡಿದು ಕೂಗಿದ, ಇನ್ನೊಂದು ಸಲ ಕೂಗಿದ. ಆಮೇಲೆ ಯಾರ್ ಬಂದಿದ್ರು ಸಾಬ್ರೇ, ಅಂತ ನನ್ನನ್ನು ಕೇಳಿದ. ಅವನಿಗೆ ಎಲ್ಲ ಕೇಳಿಸಿತ್ತು ಅಂತ ನನಗೆ ಗೊತ್ತಿತ್ತು. ಯಾರೂ ಇಲ್ಲ ಗೌಡ್ರೇ ಅಂದೆ. ಅಲ್ಲಿಯವರೆಗೂ ಅವನನ್ನು ನಾನು ಗೌಡ್ರೇ ಅಂತ ಕರೆದವನಲ್ಲ. ಬಸ್ಸಿನ ರಸ್ತೆಗೆ ಬಂದು ತಿರುಗಿ ನೋಡಿದಾಗ ಹೆಂಗಸರ ಸಾಲು ಹೊಲದ ಆಚೆ ಸಣ್ಣದಾಗಿ ಕಾಣುತ್ತಿತ್ತು, ಅವಳು ಯಾರು ಅಂತ ಗುರುತು ಸಿಗಲಿಲ್ಲ.