ಸೋಮವಾರದ ಊರ ಸುದ್ದಿ

ಎಪ್ಪತ್ತರ ದಶಕದಲ್ಲಿ ನಾವು ಗದಗಿನ ಕಡೆಯಿಂದ ಯಲಹಂಕಕ್ಕೆ ಬಂದೆವು. ಅಪ್ಪನಿಗೆ ಯಶವಂತಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಊರಲ್ಲಿ ಎಲ್ಲರೂ ನಮ್ಮನ್ನು ಬೆಂಗಳೂರಿಗೆ ಹೋದವರು ಎಂದೇ ತಿಳಿದಿದ್ದರು. ಯಲಹಂಕದವರು ಮಾತ್ರ ಮೆಜೆಸ್ಟಿಕ್ ಬಸ್ಸು ಹತ್ತುವಾಗ "ಬೆಂಗಳೂರಿಗೆ ಹೋಗಿ ಬರ್ತೀನಿ" ಎನ್ನುತ್ತಿದ್ದರು. ಹಾಗಾದರೆ ನಾವು ಬಂದಿರುವುದು ಎಲ್ಲಿಗೆ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ.

ಶಾಲೆಗೆ ಸೇರಿದ ಮೊದಲ ದಿನ ಮೇಷ್ಟ್ರು ಹಾಜರಿ ಕೂಗಿದಾಗ ಎದ್ದು ನಿಂತು "ಅದೀನ್ರಿ ಸರ" ಎಂದೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ನನಗೆ "ಜೋಳದ ರೊಟ್ಟಿ" ಎಂದು ಹೆಸರಿಟ್ಟಾಗಿತ್ತು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ನಗುವವರಿಗೆ ನನ್ನ ಮಾತೇ ಸಿಗಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಪಾಠ ಒಪ್ಪಿಸು ಎಂದರೂ ಇಲ್ಲ, ಪದ್ಯ ಹೇಳು ಎಂದರೂ ಇಲ್ಲ. ಕೊನೆಗೆ ಮೇಷ್ಟ್ರು ಅಪ್ಪನನ್ನು ಕರೆಸಿ, ಹುಡುಗಿ ಮಂದ ಇರಬಹುದು ಎಂದು ಮೆಲ್ಲಗೆ ಹೇಳಿ ಕಳುಹಿಸಿದರು.

ಅಂದು ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಹೇಳಿದರು: "ಸಾಲ್ಯಾಗ ಬಾಯಿನ ಬಿಡಂಗಿಲ್ಲಂತ ಈಕಿ. ಈ ವರ್ಷ ಮುಗೀಲಿ, ಊರಿಗೆ ಅಜ್ಜಿ ಕಡೆ ಕಳಿಸಿಬಿಡೋಣು. ಅಲ್ಲರ ನಾಕು ಅಕ್ಷರ ಕಲೀತಾಳ."

ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವ್ವನನ್ನು ಬಿಟ್ಟು ಇರಬೇಕಲ್ಲ ಎಂದು ನಾನು ಅದನ್ನು ಮುಟ್ಟದೆ ಎದ್ದುಬಿಟ್ಟೆ.

ನಮ್ಮ ಹೆಡ್ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳು ದಿನವೂ ಸುದ್ದಿ ಓದಬೇಕು. ಮಂಗಳವಾರದಿಂದ ಶನಿವಾರದವರೆಗೆ ರೇಡಿಯೋ ಕೇಳಿ ಬರೆದುಕೊಂಡ ದೇಶದ ಸುದ್ದಿ. ಸೋಮವಾರ ಮಾತ್ರ ಊರ ಸುದ್ದಿ. ಅಲ್ಲಾಳಸಂದ್ರದ ಕೆರೆ ಕೋಡಿ ಬಿದ್ದಿದ್ದು, ಬಾಗಲೂರಿನ ಶಾಲೆಯ ಎದುರು ನಮ್ಮ ಹುಡುಗರು ಕಬಡ್ಡಿಯಲ್ಲಿ ಸೋತಿದ್ದು, ಯಾರದೋ ಹೋರಿ ತಪ್ಪಿಸಿಕೊಂಡಿದ್ದು, ಎಲ್ಲವೂ ಅದರಲ್ಲಿ ಬರುತ್ತಿತ್ತು. ನಮ್ಮ ಶಾಲೆಗೆ ಕಾಂಪೌಂಡು ಎಂದರೆ ಮೊಣಕಾಲೆತ್ತರದ ಕಲ್ಲು. ಅದರಾಚೆ ಸೊಪ್ಪಿನವರು, ಹಾಲಿನವರು, ಹೊಲಕ್ಕೆ ಹೋಗುವವರು ನಿಂತು ಕೇಳಿಕೊಂಡೇ ಮುಂದೆ ಹೋಗುತ್ತಿದ್ದರು. ದೇಶದ ಸುದ್ದಿಗೆ ಯಾರೂ ನಿಲ್ಲುತ್ತಿರಲಿಲ್ಲ.

ಸರದಿಯಂತೆ ಒಂದು ಸೋಮವಾರ ನನ್ನ ಪಾಲಿಗೆ ಬಂತು. ನಾನೇ ಕಂಡದ್ದನ್ನು ಚೀಟಿಯಲ್ಲಿ ಬರೆದುಕೊಂಡು, ನಗುತ್ತಾರೆ ಎಂದುಕೊಂಡೇ ಮುಂದೆ ಹೋಗಿ ನಿಂತೆ. ಆದರೆ ಚೀಟಿ ಹಿಡಿದು ಓದತೊಡಗಿದಾಗ ಒಂದು ವಿಚಿತ್ರ ಗೊತ್ತಾಯಿತು: "ಕೆರೆ ಏರಿಯ ಮೇಲೆ ಇಟ್ಟಿಗೆ ಲಾರಿಯೊಂದು ಹೂತುಹೋಗಿತ್ತು, ಎರಡು ಜೊತೆ ಎತ್ತುಗಳು ಅದನ್ನು ಎಳೆದವು" ಎಂದು ಓದುವಾಗ ಯಾರೂ ನಗಲಿಲ್ಲ. ಬರೆದ ಕನ್ನಡಕ್ಕೆ ಗದಗೂ ಇಲ್ಲ, ಯಲಹಂಕವೂ ಇಲ್ಲ! ನನ್ನ ದನಿ ಹಿಂದಿನ ಸಾಲಿಗೂ ಕೇಳಿಸಿತಂತೆ. ಹೆಡ್ ಮೇಷ್ಟ್ರು ಬೆನ್ನು ತಟ್ಟಿ, "ಇನ್ಮೇಲೆ ಸೋಮವಾರದ ಸುದ್ದಿ ನಿಂದೇ ಕಣಮ್ಮ" ಎಂದರು. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ. ಸುದ್ದಿ ಹುಡುಕಬೇಕೆಂದರೆ ಜನರನ್ನು ಮಾತಾಡಿಸಲೇಬೇಕಲ್ಲ; ಬಾಯಿಯ ಬೀಗವೂ ತಾನಾಗಿಯೇ ಬಿಚ್ಚಿಕೊಂಡಿತು. ಅಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. "ಚೀಟಿ ನೋಡಿ ಓದೂದು ಏನು ದೊಡ್ಡದು" ಎಂದುಬಿಟ್ಟರು.

ಹಾಗೆ ಸುದ್ದಿ ಹುಡುಕುತ್ತಾ ಪುಟ್ಟೇನಹಳ್ಳಿ ಕೆರೆಯ ಕಡೆ ಹೋದವಳಿಗೆ ಆ ದ್ರಾಕ್ಷಿ ತೋಟ ಕಂಡಿತು. ಆಗ ಆ ಸುತ್ತೆಲ್ಲ ದ್ರಾಕ್ಷಿಯೇ. ಕಲ್ಲುಕಂಬ ನೆಟ್ಟು, ತಂತಿಯ ಚಪ್ಪರ ಕಟ್ಟಿ, ಅದರ ಮೇಲೆ ಬಳ್ಳಿ ಹಬ್ಬಿಸುತ್ತಿದ್ದರು. ಈ ತೋಟದಲ್ಲಂತೂ ಕಪ್ಪು ಗೊಂಚಲುಗಳು ತಲೆಗೆ ತಾಗುವಷ್ಟು ಜೋತುಬಿದ್ದಿದ್ದವು. ಬಂದವಳೇ ಬರೆದು, ಸೋಮವಾರ ಗಟ್ಟಿಯಾಗಿ ಓದಿದೆ: "ಪುಟ್ಟೇನಹಳ್ಳಿ ಕೆರೆಯ ಪಕ್ಕದ ತೋಟದಲ್ಲಿ ಈ ಸಲ ದ್ರಾಕ್ಷಿ ಅದ್ಭುತವಾಗಿ ಬಂದಿದೆ. ಇಂಥ ಬೆಳೆ ಸುತ್ತಮುತ್ತ ಎಲ್ಲೂ ಇಲ್ಲ."

ಮಾರನೆಯ ದಿನ ಜೋರು ಗಾಳಿ ಬೀಸಿ ಆ ತೋಟದ ಒಂದು ಕಲ್ಲುಕಂಬ ವಾಲಿತು. ಬುಧವಾರ ಬೆಳಿಗ್ಗೆ ತೋಟದ ಒಡತಿ ಶಾಲೆಯೊಳಗೆ ನುಗ್ಗಿದಳು. ಅಗಲ ಕುಂಕುಮದ, ಗಟ್ಟಿಮುಟ್ಟಾದ ಅಜ್ಜಿ.

"ಯಾವಳು ಮೇಷ್ಟ್ರೇ, ನಮ್ ತೋಟದ್ ಇಸ್ಯ ಊರಿಗೆಲ್ಲ ಸಾರ್ದೋಳು? ಅಣ್ಣು ಇನ್ನೂ ಬಳ್ಳೀಲೈತೆ! ಕುಯ್ಯೋಕ್ ಮುಂಚೆ ಯಾರಾನಾ ಇಂಗೆ ಒಗಳ್ತಾರಾ? ಊರ್ ಕಣ್ಣೆಲ್ಲ ಬಿದ್ದು ಕಂಬ್ವೇ ವಾಲ್ತು!"

ಎಲ್ಲರೂ ನನ್ನ ಕಡೆಗೆ ತಿರುಗಿದರು. ನಮ್ಮ ಕಡೆಯೂ ಹಾಗೆಯೇ, ಕಣದ ರಾಶಿ ನೋಡಿ "ಎಷ್ಟು ಜೋಳ!" ಎಂದು ಯಾರೂ ಬಾಯಿ ಬಿಡುವುದಿಲ್ಲ. ಓದುವ ಹುಮ್ಮಸ್ಸಿನಲ್ಲಿ ಅದು ನೆನಪೇ ಆಗಿರಲಿಲ್ಲ.

ಹೆಡ್ ಮೇಷ್ಟ್ರು ದೃಷ್ಟಿ ಗಿಷ್ಟಿ ನಂಬುವವರಲ್ಲ. ಗಾಳಿಗೆ ಕಂಬ ವಾಲುವುದು ಸಹಜ ಎಂದು ವಿವರಿಸಲು ಹೋದರು. ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ.

"ಅದೆಲ್ಲ ನಂಗೊತ್ತಿಲ್ಲ. ಈ ಉಡ್ಗೀನೇ ಮತ್ತೆ ಓದ್ಬೇಕು. ಅಣ್ಣು ಚೆನ್ನಾಗಿಲ್ಲ, ಬರೀ ಉಳಿ ಅಂತ ಓದ್ಲಿ. ಆಗ್ಲೇ ಕಣ್ಣು ಕಳಿಯೋದು."

"ಸುಳ್ಳು ಸುದ್ದಿ ನಮ್ಮ ಶಾಲೇಲಿ ಓದ್ಸಲ್ಲಮ್ಮ."

"ಅಂಗಾದ್ರೆ ನಿಮ್ ಸುದ್ದೀನೇ ಬ್ಯಾಡ, ನಿಲ್ಸಿ! ಇಲ್ದಿದ್ರೆ ಊರೋರ್ನೆಲ್ಲ ಕರ್ಕಂಡ್ ಬತ್ತೀನಿ."

ಊರವರ ಜೊತೆ ಜಗಳ ಯಾರಿಗೆ ಬೇಕು? ಇದು ಇತ್ಯರ್ಥವಾಗುವವರೆಗೆ ಸೋಮವಾರದ ಸುದ್ದಿ ಇಲ್ಲ ಎಂದು ಹೆಡ್ ಮೇಷ್ಟ್ರು ಹೇಳಿದರು. ಸುದ್ದಿ ನಿಂತರೆ ನನ್ನ ಬಾಯಿಯೂ ನಿಂತಂತೆ, ಬಾಯಿ ನಿಂತರೆ ನಾನು ಊರಿಗೆ ಹೋದಂತೆ. ಅಲ್ಲೇ, ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ.

ಅಜ್ಜಿ ಗಲಿಬಿಲಿಗೊಂಡಳು. ಹೆಡ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ತುಸು ಯೋಚಿಸಿ ನನಗೆ ಹೇಳಿದರು: "ಅಳ್ಬೇಡ. ಅಜ್ಜಿ ಜೊತೆ ತೋಟಕ್ಕೆ ಹೋಗು. ತಿಂದು ನೋಡು. ಎಲ್ಲಾದ್ರೂ ನಿಜವಾಗ್ಲೂ ಹುಳಿ ಇದ್ರೆ ಹುಳಿ ಅಂತ ಬರ್ಕೊಂಡು ಬಾ. ಅದು ಸುಳ್ಳಾಗಲ್ಲ."

ಹೀಗೆ ಆ ಸಂಜೆ ನಾವಿಬ್ಬರೂ ಚಪ್ಪರದಡಿ ಕೆಟ್ಟ ಹಣ್ಣು ಹುಡುಕಲು ಹೊರಟೆವು. ಆದರೆ ನಾನು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರೆ ಸಾಕು, ಅಜ್ಜಿಗೆ ಉರಿ.

"ಅದು ಉಳಿ ಅಲ್ಲ ಕಣಮ್ಮಿ, ಇನ್ನೂ ಪೂರ್ತಿ ಅಣ್ಣಾಗಿಲ್ಲ, ಅಷ್ಟೇಯ."

ಮುಂದಿನ ಗೊಂಚಲಿಗೆ ಹೋದೆವು. "ಇದು ಸಣ್ಣದೈತ್ರಿ" ಎಂದೆ.

"ಸಣ್ಣದಾದ್ರೇನು? ಸಿಹಿ ಎಂಗೈತೆ ನೋಡು! ನಮ್ ತೋಟದಾಗೆ ಕೆಟ್ಟ ಅಣ್ಣು ಅಂತ ಇಲ್ವೇ ಇಲ್ಲ."

"ಮತ್ತ ನಾ ಏನು ಓದ್ಲಿರಿ?" ಎಂದು ನಾನೂ ರೇಗಿದೆ. ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿ ಗೊಳ್ಳೆಂದು ನಕ್ಕಳು. ನನ್ನ ಮಾತಿಗೆ ಅಲ್ಲಿ ಯಾರಾದರೂ ನಕ್ಕಾಗ ನನಗೆ ಸಿಟ್ಟು ಬರದಿದ್ದುದು ಅದೇ ಮೊದಲು.

ಕೊನೆಗೆ ಬಾವಿಯ ಪಕ್ಕ, ಬೇವಿನ ಮರದ ನೆರಳಿನಲ್ಲಿ, ಒಂದು ಬಡಕಲು ಬಳ್ಳಿ ಸಿಕ್ಕಿತು. ನಾನು ತಿಂದೆ. ಅಜ್ಜಿಯೂ ತಿಂದಳು. ಇಬ್ಬರ ಕಣ್ಣೂ ಒಟ್ಟಿಗೆ ಮುಚ್ಚಿಕೊಂಡವು. "ಊಂ," ಎಂದಳು ಅಜ್ಜಿ, ಮನಸ್ಸಿಲ್ಲದ ಮನಸ್ಸಿನಿಂದ. "ಇದೊಂದು ಬರ್ಕೊ."

ಸೋಮವಾರ ಕಲ್ಲಿನಾಚೆ ಎಂದಿಗಿಂತ ಹೆಚ್ಚು ಜನ. ಅಜ್ಜಿ ಎಲ್ಲರಿಗಿಂತ ಮುಂದೆ. "ಪುಟ್ಟೇನಹಳ್ಳಿ ಕೆರೆಯ ಪಕ್ಕದ ತೋಟದಲ್ಲಿ, ಬೇವಿನ ಮರದ ಕೆಳಗಿನ ಬಳ್ಳಿಯ ಹಣ್ಣು ಬಹಳ ಹುಳಿಯಾಗಿದೆ. ಇದನ್ನು ಓದುತ್ತಿರುವವಳೇ ತಿಂದು ನೋಡಿದ್ದಾಳೆ" ಎಂದು ಓದಿದೆ. ಅಜ್ಜಿಯ ಮುಖ ಅರಳಿತು. ಹೆಡ್ ಮೇಷ್ಟ್ರು ಆಕಾಶ ನೋಡುತ್ತಾ ನಿಂತಿದ್ದರು.

ಆಮೇಲೆ ಶುರುವಾಯಿತು ನೋಡಿ ಗ್ರಹಚಾರ. ಒಬ್ಬರು ಬಂದು, "ನಮ್ ಎಮ್ಮೆ ಕರು ಆಕೈತೆ, ಕರು ಒಂಚೂರು ಕುಂಟುತ್ತೆ ಅಂತ ಓದವ್ವ" ಎನ್ನುವರು. ಇನ್ನೊಬ್ಬರ ಹೊಸ ಬಾವಿಯಲ್ಲಿ ಸಿಹಿನೀರು ಬಂದಿತ್ತು. ನೀರಲ್ಲಿ ಕಸ ಇದೆ ಎಂದು ಓದಬೇಕಂತೆ. ನಾನು ಹೋಗಿ ಕಣ್ಣಾರೆ ನೋಡದೆ ಓದುತ್ತಿರಲಿಲ್ಲ. ಆದರೆ ನೋಡಿದರೆ ಎಲ್ಲದರಲ್ಲೂ ಒಂದು ಸಣ್ಣ ಐಬು ಸಿಕ್ಕೇ ಸಿಗುತ್ತಿತ್ತು. ಹೊರಗಿನವರು ಯಾರಾದರೂ ಆ ವರ್ಷದ ನಮ್ಮ ಊರ ಸುದ್ದಿ ಕೇಳಿದ್ದರೆ, ಇಷ್ಟು ದರಿದ್ರ ಸೀಮೆ ಇನ್ನೊಂದಿಲ್ಲ ಎಂದುಕೊಳ್ಳುತ್ತಿದ್ದರು.

ಶಾಲಾ ವಾರ್ಷಿಕೋತ್ಸವಕ್ಕೆ ಅಪ್ಪ ಅವ್ವ ಇಬ್ಬರೂ ಬಂದರು. ಅಪ್ಪ ಬಂದದ್ದು ವರ್ಗಾವಣೆ ಪತ್ರದ ಬಗ್ಗೆ ಹೆಡ್ ಮೇಷ್ಟ್ರನ್ನು ಕೇಳಿಹೋಗಲು ಎಂಬುದು ನನಗೆ ಗೊತ್ತಿತ್ತು. ವರ್ಷದ ಊರ ಸುದ್ದಿ ಓದುವ ಕೆಲಸ ನನ್ನದು. ಮೈಕಿನ ಮುಂದೆ ನಿಂತಾಗ ಗಾಳಿಗೆ ಚೀಟಿ ಹಾರಿಹೋಯಿತು.  ಕೆಳಗೆ ಅಪ್ಪನ ಮುಖ ಕಂಡಿತು. ಇನ್ನು ಊರೇ ಗತಿ ಎಂದುಕೊಂಡು, ಹೋದರೆ ಹೋಗಲಿ ಎಂದು ಚೀಟಿಯಿಲ್ಲದೆ, ನನ್ನದೇ ಮಾತಿನಲ್ಲಿ ಹೇಳತೊಡಗಿದೆ. ಹುಳಿ ಬಳ್ಳಿ, ಕುಂಟು ಕರು, ಕಸದ ಬಾವಿ, ಎಲ್ಲ ಬಂದವು, ಎಲ್ಲ ನಮ್ಮ ಗದಗಿನ ಮಾತಿನಲ್ಲೇ. ಜನ ಬಿದ್ದು ಬಿದ್ದು ನಕ್ಕರು. ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ನಾನು ಇಳಿದು ಅವ್ವನ ಪಕ್ಕಕ್ಕೆ ಬರುವಷ್ಟರಲ್ಲಿ ದ್ರಾಕ್ಷಿ ಅಜ್ಜಿ ಎದ್ದು ನಿಂತಿದ್ದಳು. ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಕೂಗಿದಳು: "ಏನ್ ಮಾತಾಡ್ತಾಳೋ ಈ ಉಡ್ಗಿ! ದನೀನೂ ಚೆನ್ನಾಗಿಲ್ಲ, ನೋಡಕ್ಕೂ ಒಣಕಲು ಕಡ್ಡಿ. ಇದಕ್ಯಾಕ್ ಮೈಕ್ ಕೊಟ್ರಪ್ಪಾ!"

"ಊ ಕಣಕ್ಕ, ನಂಗಂತೂ ನಿದ್ದೆ ಬಂದಿತ್ತು" ಎಂದರು ಎಮ್ಮೆಯವರು.

ಅಪ್ಪನ ಮುಖ ಕೆಂಪಾಯಿತು. "ಯಾರಕಿ ಆಕಿ?" ಎಂದು ಎದ್ದೇಬಿಟ್ಟರು.

ಅವ್ವ ಅಂಗಿ ಹಿಡಿದು ಜಗ್ಗಿದಳು. ಅವಳ ಕಣ್ಣು ತುಂಬಿತ್ತು. "ಕೂಡ್ರಿ ಸುಮ್ನ. ಬೈಯಾಕತ್ತಿಲ್ಲ ಅವರು. ನಮ್ಮ ಹುಡುಗಿಗೆ ಕಣ್ಣು ತಾಗಬಾರ್ದಂತ ಹಂಗ ಅನ್ನಾಕತ್ತಾರ."

ಅಪ್ಪ ಕೂತರು. ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸುತ್ತಲಿನವರಿಗೆಲ್ಲ ಕೇಳುವಂತೆ ತಾವೂ ಹೇಳಿದರು: "ಖರೆ ಐತಿ ಬಿಡ್ರಿ. ಮನ್ಯಾಗೂ ಒಂದು ಕೆಲಸಕ್ಕ ಬರಂಗಿಲ್ಲ ಈಕಿ. ಏನು ಮಾಡೋದು, ಇಲ್ಲೇ ಇಟಗೊಂಡು ಕಲಿಸಬೇಕು."