ಎಲೆ ಅಕ್ಕನ ಕಪ್ಪು ಬೆರಳು

ಎಲೆ ಅಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಪ್ರಯೋಗಾಲಯದಲ್ಲಿ. ಎಲೆ ಕಿತ್ತು ತಂದು, ತೊಳೆದು, ಹೆಚ್ಚಿ, ಕುದಿಸಿ, ಸೋಸಿಕೊಡುವುದು ಅವಳ ಕೆಲಸ. ಆ ಕಷಾಯವನ್ನು ಅಲ್ಲಿ ಸಂಶೋಧನೆ ಮಾಡುವ ಮೇಡಂ ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಹನಿಸುತ್ತಿದ್ದರು. ತಿಳಿನೀರು ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳು ಹುಟ್ಟಿದ ಗುರುತು ಅದು. ಒಂದು ದಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ರೋಗಾಣುಗಳು ಆ ನೀರಿಗೆ ಸತ್ತವು.

"ಹಾಗಾದ್ರೆ ಗಾಯಕ್ಕೆ ಔಷಧಿ ಸಿಕ್ತು ಅನ್ನಿ," ಎಂದಳು ಎಲೆ ಅಕ್ಕ.

"ಅಯ್ಯೋ, ಇದಿನ್ನೂ ತಟ್ಟೆ ಮಾತು ಕಣಮ್ಮ. ಮನುಷ್ಯರಿಗೆ ಹಚ್ಚೋ ಮಾತಿಗೆ ಇನ್ನೂ ವರ್ಷಗಟ್ಟಲೆ ಇದೆ," ಎಂದರು ಮೇಡಂ.

ನಮ್ಮ ಎಲೆ ಅಕ್ಕನದು ತನಗೆ ಬೇಕಾದಷ್ಟನ್ನೇ ಕೇಳುವ ಕಿವಿ. ಸಂಜೆಯೊಳಗೆ ಬೀದಿಗೆಲ್ಲ ಡಂಗುರ: "ನಾವು ಎಲೆಯಿಂದ ಬೆಳ್ಳಿ ಔಷಧಿ ಮಾಡಿದ್ವಿ!" 'ನಾವು' ಎನ್ನುವಾಗ ಅವಳ ಕತ್ತು ಒಂದು ಗೇಣು ಉದ್ದವಾಗುತ್ತಿತ್ತು.

ಅವಳ ಸಕ್ಕರೆ ಕಾಯಿಲೆಯ ತಂಗಿಗೆ ಕಾಲ್ಬೆರಳಿನ ಗಾಯ ಮಾಯುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟವಳನ್ನು ಅಕ್ಕನೇ ತಡೆದಳು. "ಮನೇಲೇ ಔಷಧಿ ಇರೋವಾಗ ಆಸ್ಪತ್ರೆ ಯಾಕೆ? ಸುಮ್ನೆ ಕೂತ್ಕೊಳೇ." ಮೇಡಂ ಚೆಲ್ಲಲು ಇಟ್ಟಿದ್ದ ಸೀಸೆಯಿಂದ ಒಂದಿಷ್ಟು ತಂದು ಬರಿಗೈಯಲ್ಲೇ ದಿನಾ ಹಚ್ಚಿದಳು. ಪ್ರಯೋಗಾಲಯದಲ್ಲಿ ಕೈಗವಸು ಹಾಕುವುದೇಕೆಂದು ಮಹಾರಾಯ್ತಿ ಎಂದೂ ಕೇಳಿರಲಿಲ್ಲ. ಆ ನೀರಿನಲ್ಲಿ ಉಳಿದ ಬೆಳ್ಳಿ ಲವಣ ಚರ್ಮಕ್ಕೆ ತಾಗಿ ಬೆಳಕು ಕಂಡರೆ ಕಪ್ಪಾಗುತ್ತದೆ. ಅವಳ ಬೆರಳ ತುದಿಗಳು ಕಪ್ಪಾದವು, ತಂಗಿಯ ಕಾಲ್ಬೆರಳೂ ಕಪ್ಪಾಯಿತು.

"ನೋಡು, ಔಷಧಿ ಹಿಡೀತಿದೆ," ಎಂದಳು ಅಕ್ಕ. ಆ ಕಪ್ಪಿನಡಿಯಲ್ಲಿ ಬೆರಳು ಕೊಳೆಯುತ್ತಿದ್ದುದು ಇಬ್ಬರಿಗೂ ಕಾಣಲಿಲ್ಲ.

ಜ್ವರ ಏರಿದ ಮೇಲೆ ಆಸ್ಪತ್ರೆಗೆ ಓಡಿದರು. ಡಾಕ್ಟರ್ ಕಾಲು ನೋಡಿ ತಲೆಯಾಡಿಸಿದರು. "ಈ ಬೆರಳು ತೆಗೀಲೇಬೇಕು. ಮೊದಲೇ ಬಂದಿದ್ರೆ ಉಳೀತಿತ್ತು. ಇದೇನಿದು ಬಳ್ದಿರೋದು? ಯಾರು ಹಚ್ಚಿದ್ದು?"

ಎಲೆ ಅಕ್ಕ ಕೈಗಳನ್ನು ಮಡಿಲಲ್ಲಿದ್ದ ಚೀಲದಡಿ ಅಡಗಿಸಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸುವಷ್ಟು ನಾಚಿಕೆ.

"ನಾನೇ ಡಾಕ್ಟ್ರೇ," ಎಂದಳು ತಂಗಿ. "ಅಕ್ಕ ಬೇಡ ಬೇಡ ಅಂದ್ಲು. ನಾನು ಕೇಳ್ಲಿಲ್ಲ."

ಡಾಕ್ಟರ್ ತಂಗಿಯ ಕೈಯನ್ನು ತಿರುಗಿಸಿ ನೋಡಿದರು. ಉಗುರಿನ ಸಂದಿಯಲ್ಲೂ ಕಪ್ಪು ಕಲೆ ಇರಲಿಲ್ಲ. ಅವರು ಚೀಟಿ ಬರೆಯತೊಡಗಿದರು.

ಎಲೆ ಅಕ್ಕ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. "ಅವಳು ಸುಳ್ಳು ಹೇಳ್ತಿದ್ದಾಳೆ. ಹಚ್ಚಿದ್ದು ಈ ಕೈ. ಆಸ್ಪತ್ರೆಗೆ ಹೋಗ್ಬೇಡ ಅಂದಿದ್ದೂ ನಾನೇ."

ತಂಗಿ ಒಂದು ಬೈಗುಳ ಬೈದಿದ್ದರೂ ಅಕ್ಕ ತಲೆ ಎತ್ತುತ್ತಿದ್ದಳೇನೋ. ತಂಗಿ ಬೈಯಲಿಲ್ಲ. ಆ ಕಪ್ಪು ಬೆರಳುಗಳನ್ನು ಮೇಜಿನಿಂದ ಎಳೆದುಕೊಂಡು, ಯಾರಿಗೂ ಕಾಣದಂತೆ ತನ್ನ ಅಂಗೈಗಳ ನಡುವೆ ಮುಚ್ಚಿಟ್ಟುಕೊಂಡಳು.