ಕೂದಲೆಳೆ ಮಾವನ ಲೇತಿಗೆ ತಂಪು ನೀರು

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಕೂದಲೆಳೆ ಮಾವ ಎಂದು. ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಲೋಹ ಕಡೆಯುವ ಲೇತಿನ ಮುಂದೆ ನಿಂತು ನಿವೃತ್ತರಾದವರು. ಯಾರಾದರೂ ಸವೆದ ಬುಷ್ಷೋ ಮುರಿದ ಬೋಲ್ಟೋ ತಂದರೆ ಕನ್ನಡಕ ಏರಿಸಿ, "ಒಂದು ಕೂದಲೆಳೆ ಜಾಸ್ತಿ ಇದೆ" ಎನ್ನುವುದು ಅವರ ಮೊದಲ ಮಾತು. ಹೋಲಿಸಿ ನೋಡೋಣವೆಂದರೆ ತಲೆಯ ಮೇಲೆ ಕೂದಲೇ ಉಳಿದಿರಲಿಲ್ಲ, ಅದು ಬೇರೆ ವಿಷಯ.

ಅವರ ಸ್ವಂತ ಲೇತ್ ಇದ್ದದ್ದು ಅಡುಗೆಮನೆಗೆ ಅಂಟಿಕೊಂಡ ಹಿಂದಿನ ಕೋಣೆಯಲ್ಲಿ. ನಡುವೆ ಒಂದು ಗೋಡೆ, ಒಂದು ಬಾಗಿಲು. ಎಡಗೈಯಲ್ಲಿ ಬ್ರಷ್ ಹಿಡಿದು ಎಣ್ಣೆಯಲ್ಲಿ ಅದ್ದಿ, ತಿರುಗುತ್ತಿರುವ ಬಿಸಿ ಉಕ್ಕಿಗೆ ಸವರುವುದು ಅವರ ಹಳೆಯ ರೂಢಿ. ಸವರಿದೊಡನೆ ನೀಲಿ ಹೊಗೆ ಏಳುತ್ತಿತ್ತು. ಆ ವಾಸನೆ ಕಮಟಾದರೆ ಉಕ್ಕು ಕೊರೆಯುವ ಉಳಿಯ ಮೊನೆ ಮೊಂಡಾಯಿತೆಂದು ಲೆಕ್ಕ. ಬೇರೆಯವರು ಕಣ್ಣಿನಿಂದ ನೋಡಿದರೆ ನಮ್ಮ ಮಾವ ಮೂಗಿನಿಂದ ನೋಡುತ್ತಿದ್ದರು. ಮೊನೆ ಹೋಯಿತೆಂದರೆ ಮೆಷಿನ್ ನಿಲ್ಲಿಸಿ, ಉಳಿಗೆ ನಾಲ್ಕು ಮಾತು ಬೈದು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಬಿಸಿ ಚಹಾ ಹಿಡಿದು ಹೆಂಡತಿ ನಿಂತಿರುತ್ತಿದ್ದರು. ಇದು ತಮ್ಮ ಅದೃಷ್ಟವೆಂದು ಮಾವ ನಂಬಿದ್ದರು.

ಬೀದಿಗೆಲ್ಲ ಅತ್ತೆಯಾದ ಆ ಹೆಂಡತಿಗೆ ಎರಡು ವರ್ಷದಿಂದ ಉಸಿರಿನ ತೊಂದರೆ. ಹೊಗೆ ತಾಗಲೇಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆ ಕೆಮ್ಮು ಬಂದಾಗಲೆಲ್ಲ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದರು, ಗಂಡನಿಗೆ ಕೇಳಿಸದಿರಲಿ ಎಂದು. ಅಷ್ಟು ಹೊತ್ತು ತೊಳೆಯುವಷ್ಟು ಪಾತ್ರೆ ಮನೆಯಲ್ಲಿಲ್ಲವೆಂದು ಮಾವನಿಗೂ ಗೊತ್ತಿತ್ತು. ಕಡೆಗೊಂದು ದಿನ ಮಗಳು ಲೇತಿಗೆ ಗಿರಾಕಿಯನ್ನು ಹುಡುಕಿದಳು. ಭಾನುವಾರ ಬೆಳಿಗ್ಗೆ ಬಂದು ಒಯ್ಯುತ್ತಾನೆ ಎಂದಳು.

"ಒಯ್ಯಲಿ ಬಿಡು. ನಿಮ್ಮಮ್ಮನಿಗಿಂತ ಆ ಕಬ್ಬಿಣ ಹೆಚ್ಚಾ ನನಗೆ?" ಎಂದರು ಮಾವ. ಮನಸಾರೆ ಹೇಳಿದ ಮಾತೇ. ಆದರೆ ಅಂದು ತಟ್ಟೆಯ ಮುಂದೆ ಕೂತು ತುತ್ತೆತ್ತಲಿಲ್ಲ.

ಅತ್ತೆಗೆ ಸಂಕಟವಾಯಿತು. "ಭಾನುವಾರಕ್ಕೆ ಇನ್ನೂ ಐದು ದಿನ ಇದೆಯಲ್ಲ. ಹೊಗೆ ಏಳದ ಹಾಗೆ ಏನಾದ್ರೂ ಮಾಡಿ. ಊರಿನವರದ್ದೆಲ್ಲ ರಿಪೇರಿ ಮಾಡ್ತೀರಿ, ನನಗಾಗಿ ಇಷ್ಟು ಮಾಡೋಕಾಗಲ್ವಾ?"

ಎಣ್ಣೆ ಸವರುವ ಬದಲು ನೀರು ಹರಿಸಿ ಉಕ್ಕನ್ನು ತಂಪಾಗಿಟ್ಟರೆ ಹೊಗೆ ಏಳುವುದಿಲ್ಲವೆಂದು ಲೆಕ್ಕ ಹಾಕಿ ಮಾವ ಅಟ್ಟ ಜಾಲಾಡಿದರು. ಹಾಳಾದ ಏರ್ ಕೂಲರಿನ ಪುಟ್ಟ ಪಂಪು ಸಿಕ್ಕಿತು. ಖಾಲಿ ಪೇಂಟ್ ಡಬ್ಬವೇ ಟ್ಯಾಂಕು. ನೀರಿನಲ್ಲಿ ಕರಗುವ ಲೇತ್ ಎಣ್ಣೆ ಬೆರೆಸಿದ ನೀರು ಅದರಲ್ಲಿ ಹಾಲಿನಂತೆ ಬೆಳ್ಳಗಾಯಿತು. ಲೋಹದ ಚೂರು ಹಿಡಿಯಲು ಹಳೆಯ ಸ್ಪೀಕರಿನ ಅಯಸ್ಕಾಂತ, ಸೋಸಲು ಅತ್ತೆಯ ದಿಂಬಿನ ಚೀಲ. ನೀರು ಸಿಡಿದು ಗಾಳಿಗೆ ಸೇರಿದರೆ ಹೊಗೆಗಿಂತ ಕೆಟ್ಟದ್ದು, ಮೆಲ್ಲಗೆ ಹರಿಯಬೇಕು. ಅದಕ್ಕಾಗಿ ಅಗಲ ಬಾಯಿಯ ಹಿತ್ತಾಳೆ ಮೂತಿಯೊಂದನ್ನು ಎರಡು ದಿನ ಕೂತು ಕಡೆದರು, ಮೂರು ಸಲ ಅಳೆದರು, ಸುತ್ತಲೂ ತಗಡಿನ ಮರೆ ಕಟ್ಟಿದರು. ಹರಿದ ನೀರು ಹಿಡಿಯಲು ಲೇತಿನ ಕೆಳಗೆ ಹೊಸ ತಟ್ಟೆ ಕೂರಿಸಿದರು.

ಶುಕ್ರವಾರ ಸ್ವಿಚ್ಚು ಒತ್ತಿದರು. ನೀರು ಎಷ್ಟು ಚೆನ್ನಾಗಿ ಹರಿಯಿತೆಂದರೆ ಮಾವ ಮೈಮರೆತು ನೋಡುತ್ತಾ ನಿಂತರು. ಕಾಲು ಒದ್ದೆಯಾದಾಗಲೇ ಎಚ್ಚರ. ಎಲ್ಲವನ್ನೂ ಕೂದಲೆಳೆಗೆ ಅಳೆದ ಮಹಾನುಭಾವರು ತಟ್ಟೆಯಿಂದ ನೀರು ಡಬ್ಬಕ್ಕೆ ಇಳಿಯಲು ತೂತು ಕೊರೆಯುವುದನ್ನೇ ಮರೆತಿದ್ದರು! ಬಿಳಿ ನೀರು ಬಾಗಿಲು ದಾಟಿ ಅಡುಗೆಮನೆಗೆ ಹೋಗಿತ್ತು.

ನೆಲ ಒರೆಸುವ ಕೋಲು ಹಿಡಿದು ಬಾಗಿಲಿಗೆ ಬಂದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ತೂತು ಎಷ್ಟು ಕೂದಲೆಳೆ ಇರಬೇಕಿತ್ತು?" ಎಂದು ಕೇಳಿದರು. ಮಾವ ಕೆಂಪಗಾದರೂ ತಾವೂ ನಕ್ಕರು. ಆ ಮನೆಯಲ್ಲಿ ಅಂಥ ನಗು ಕೇಳಿ ಬಹಳ ದಿನವಾಗಿತ್ತು.

ಶನಿವಾರ ತೂತು ಕೊರೆದದ್ದಾಯಿತು. ಅತ್ತೆ ಕುರ್ಚಿ ತಂದು ಲೇತಿನ ಪಕ್ಕದಲ್ಲೇ ಹಾಕಿಕೊಂಡು ಕೂತರು. ಎರಡು ವರ್ಷದಲ್ಲಿ ಅವರು ಆ ಕೋಣೆಯೊಳಗೆ ಬಂದದ್ದು ಇದೇ ಮೊದಲು. ಮಾವ ಉಕ್ಕಿನ ದಪ್ಪ ಸರಳನ್ನು ಲೇತಿಗೆ ಕಚ್ಚಿಸಿ, ಪರೀಕ್ಷೆಗೆಂದು ಬೇಕೆಂದೇ ಆಳವಾಗಿ ಉಳಿ ಒತ್ತಿದರು. ನೀರು ಹರಿಯಿತು, ಹೊಗೆಯ ಎಳೆಯೂ ಏಳಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೆಮ್ಮಿಲ್ಲ. ಗೆದ್ದೆನೆಂದುಕೊಳ್ಳುವಾಗಲೇ ಮಾವನಿಗೆ ದಿಗಿಲಾಯಿತು. ಮೂಗಿಗೆ ಏನೂ ಬರುತ್ತಿಲ್ಲ. ವಾಸನೆಯಿಲ್ಲದೆ ಉಳಿಯ ಸುದ್ದಿ ತಿಳಿಯುವುದು ಹೇಗೆ? ಕಣ್ಣು ಕಟ್ಟಿಸಿಕೊಂಡು ನಿಂತಂತಾಯಿತು ಅವರಿಗೆ.

"ನಿಲ್ಲಿಸಿ," ಎಂದರು ಅತ್ತೆ.

ಮಾವ ಮೆಷಿನ್ ಆರಿಸಿ ಕುರ್ಚಿಯತ್ತ ಬಗ್ಗಿದರು. "ಏನಾಯ್ತು? ಉಸಿರು ಕಟ್ತಾ?"

"ನನಗೇನಾಗಿಲ್ಲ. ನಿಮ್ಮ ಉಳಿ ಮೊನೆ ಹೋಗಿದೆ, ನೋಡಿ."

ಬಿಚ್ಚಿ ನೋಡಿದರು. ಹೋಗಿತ್ತು. "ನಿನಗೆ ಹೇಗೆ ಗೊತ್ತಾಯ್ತು?"

"ಗೋಡೆಯಾಚೆ ಕೂತು ಇಷ್ಟು ವರ್ಷದಿಂದ ಕೇಳ್ತಿಲ್ವಾ? ಇದು ಹೀಗೆ ಕಿರುಗುಟ್ಟಿದರೆ ಇನ್ನು ಐದು ನಿಮಿಷಕ್ಕೆ ನೀವು ಅದನ್ನ ಬೈತೀರಿ. ಸದ್ದು ಕೇಳಿದ ತಕ್ಷಣ ನಾನು ಚಹಾಕ್ಕೆ ನೀರಿಡ್ತೀನಿ."

ಮಾವ ಉಳಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ಒದ್ದೆ ಕೈ ಒರೆಸಿಕೊಂಡು ಮಗಳಿಗೆ ಫೋನು ಮಾಡಿದರು.

"ನಾಳೆ ಅವನಿಗೆ ಬರಬೇಡ ಅನ್ನು. ಮೆಷಿನ್ ಕೊಡೋಕಾಗಲ್ಲ. ಈಗ ಇದರಲ್ಲಿ ಇಬ್ಬರು ಕೆಲಸ ಮಾಡ್ತಿದ್ದೀವಿ."

ಫೋನು ಇಟ್ಟು, ಅತ್ತೆ ಏಳುವ ಮೊದಲೇ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು.